ಅಂಗಕ್ಕೂ ಒಂದು ನೇಮ



ಇಷ್ಟಲಿಂಗವನ್ನು ಎಡದ ಅಂಗೈಯಲ್ಲಿ ಇರಿಸಿಕೊಂಡು, ಬೆನ್ನನ್ನು ನೆಟ್ಟಗೆ ಮಾಡಿ, ದೃಷ್ಟಿಯನ್ನು ಅದರಲ್ಲಿಯೇ ನಿಲ್ಲಿಸಿ ಕುಳಿತುಕೊಳ್ಳುವುದು ನಮ್ಮ ಮನೆಗಳಲ್ಲಿ ದಿನವೂ ನಡೆಯತಕ್ಕ ಕ್ರಿಯೆ. ಇದು ಕೇವಲ ಮನಸ್ಸಿನ ಕೆಲಸವೆಂದು ನಾವು ತಿಳಿದಿರುವೆವು. ಆದರೆ ಅರ್ಧ ತಾಸು ಹೀಗೆ ಕುಳಿತು ನೋಡಿದವರು ಬಲ್ಲರು: ಮಡಿಸಿದ ಮೊಣಕಾಲು ತಾಳಿಕೊಳ್ಳಬೇಕು, ನಡು ಕುಸಿಯದೆ ನಿಲ್ಲಬೇಕು, ಎತ್ತಿ ಹಿಡಿದ ತೋಳು ನಡುಗಬಾರದು, ಉಸಿರು ಸಮನಾಗಿ ಆಡಬೇಕು. ಅಂಗವು ಒಪ್ಪದಿದ್ದರೆ ಲಿಂಗದಲ್ಲಿ ನೆಟ್ಟ ದೃಷ್ಟಿಯು ಜಾರಿ ಮೊಣಕಾಲಿನ ನೋವಿನಲ್ಲಿ ನೆಡುವುದು. ಬಾಯಿ ಮಂತ್ರವನ್ನು ಉಚ್ಚರಿಸುತ್ತಿದ್ದರೂ ಮನಸ್ಸು ಯಾವಾಗ ಎದ್ದೇನು ಎಂದು ಎಣಿಸುತ್ತಿರುವುದು.

ಅಂಗ, ಲಿಂಗ ಎಂಬ ಎರಡು ಮಾತುಗಳನ್ನು ನಾವು ಕೂಡಿಸಿಯೇ ಆಡುತ್ತೇವೆ. ಲಿಂಗದ ನೇಮವನ್ನು ಕುರಿತು ಹಿರಿಯರು ಬರೆದುದು ಬಹಳವಿದೆ. ಅಂಗದ ನೇಮವನ್ನು ಕುರಿತು ನಾಲ್ಕು ಮಾತುಗಳನ್ನು ಈ ಸಲ ಅರಿಕೆ ಮಾಡಿಕೊಳ್ಳುವೆನು. ಇವು ಗ್ರಂಥಗಳನ್ನು ತಿರುವಿ ಹೆಕ್ಕಿದ ಮಾತುಗಳಲ್ಲ. ಎಡವಿದವನು ಎದ್ದು ನಿಂತು, ಹಿಂದೆ ಬರುವವರಿಗೆ ಕಲ್ಲು ಎಲ್ಲಿದೆಯೆಂದು ತೋರಿಸುವಂಥವು.

ನನಗೆ ಈಗ ಐವತ್ತೇಳನೆಯ ವಯಸ್ಸು. ಮಠದ ಶಾಲೆಯಲ್ಲಿ ಮಕ್ಕಳಿಗೆ ಕನ್ನಡ ಸಂಸ್ಕೃತಗಳನ್ನು ಕಲಿಸುತ್ತ ಮೂವತ್ತು ವರುಷಗಳು ಸಂದವು. ಎರಡು ವರುಷಗಳ ಹಿಂದೆ ಬಲ ಮೊಣಕಾಲಿನಲ್ಲಿ ನೋವು ಕಾಣಿಸಿಕೊಂಡಿತು. ಮೊದಲು ನೆಲದ ಮೇಲಿನ ಆಸನವನ್ನು ಬಿಟ್ಟು ಕುರ್ಚಿಯ ಮೇಲೆ ಕುಳಿತು ಪೂಜೆ ಮಾಡತೊಡಗಿದೆನು. ಅದರಲ್ಲಿ ದೋಷವೇನೂ ಇಲ್ಲ. ಆದರೆ ಅಲ್ಲಿಗೇ ನಿಲ್ಲಲಿಲ್ಲ. ಅರ್ಧ ತಾಸಿನ ಪೂಜೆ ಹತ್ತು ನಿಮಿಷಕ್ಕೆ ಇಳಿಯಿತು. ಆಮೇಲೆ ಸಂಜೆಯ ಪೂಜೆಯು ‘ಇಂದು ನೋವು ಹೆಚ್ಚು, ನಾಳೆ ಮಾಡಿದರಾಯಿತು’ ಎಂಬ ನೆಪದಲ್ಲಿ ವಾರಕ್ಕೆರಡು ದಿನ ತಪ್ಪಿತು, ಮತ್ತೆ ನಾಲ್ಕು ದಿನ ತಪ್ಪಿತು, ಕಡೆಗೆ ಪೂರ್ತಿಯಾಗಿಯೇ ನಿಂತಿತು. ನೋವು ಮೊದಲು ಬಂದುದು ಮೊಣಕಾಲಿಗೆ. ಅಲ್ಲಿಂದ ನೇಮಕ್ಕೆ ಹತ್ತಿಕೊಂಡಿತು. ಹಗಲು ಹೊತ್ತಿನಲ್ಲಿ ಮಕ್ಕಳಿಗೆ ಶರಣರ ನಿಷ್ಠೆಯನ್ನು ವಿವರಿಸಿ ಹೇಳಿ, ಸಂಜೆ ಕರಡಿಗೆಯನ್ನು ಮುಟ್ಟದೆ ಮಲಗುವ ಮಾಸ್ತರನ ಮನಸ್ಸಿನ ಸ್ಥಿತಿಯನ್ನು ವಾಚಕರು ಊಹಿಸಬಲ್ಲಿರಿ.

ವೈದ್ಯರು ಪರೀಕ್ಷಿಸಿ, ಕೀಲು ಸವೆದಿದೆ, ರಕ್ತದಲ್ಲಿ ಸಕ್ಕರೆಯೂ ತುಸು ಏರಿದೆ, ತೂಕ ಇಳಿಯಬೇಕು, ದಿನವೂ ದೇಹವನ್ನು ಆಡಿಸಬೇಕು ಎಂದರು. ನಾನು ಕೂಡಲೇ ಹೊಸ ಬೂಟುಗಳನ್ನು ಕೊಂಡು ಮೊದಲ ದಿನವೇ ಎಂಟು ಕಿಲೋಮೀಟರು ನಡೆದೆನು. ನಾಲ್ಕನೆಯ ದಿನ ಮೊಣಕಾಲು ಬಾತು ಹಾಸಿಗೆ ಹಿಡಿದೆನು. ಅದು ಇಳಿದ ಮೇಲೆ ಮಗನ ಮೊಬೈಲಿನಲ್ಲಿ ಬರುವ ಯೋಗಾಸನಗಳನ್ನು ಅನುಕರಿಸಲು ಹೋದೆನು. ಅದರಲ್ಲಿ ತೋರಿಸುವವನಿಗೆ ಇಪ್ಪತ್ತೈದು ವಯಸ್ಸು. ನನಗೆ ಅವನಂತೆ ಬಾಗಲಾಗದೆ ಒಂದು ವಾರದಲ್ಲಿ ಬೇಸರ ಬಂದಿತು. ಮೂರನೆಯದಾಗಿ, ನಿಂತಲ್ಲಿಯೇ ತುಳಿಯುವ ಸೈಕಲ್ಲೊಂದನ್ನು ತರಿಸಿದೆನು. ಒಂದು ತಿಂಗಳಲ್ಲಿ ಅದು ಧೋತರ ಒಣಗಿಸುವ ಕಂಬವಾಯಿತು. ಮನೆಯವರು ಏನೂ ಅನ್ನಲಿಲ್ಲ. ಧೋತರವನ್ನು ಮಾತ್ರ ನೀಟಾಗಿ ಹರವುತ್ತಿದ್ದರು.

ನಮ್ಮ ಓಣಿಯಲ್ಲಿ ಎಂಬತ್ತು ದಾಟಿದ ತಾಯಿಯೊಬ್ಬರು ಇರುವರು. ಬಾತ ಕಾಲನ್ನು ಎಳೆದುಕೊಂಡು ಹೋಗುತ್ತಿದ್ದ ನನ್ನನ್ನು ಕಟ್ಟೆಯ ಮೇಲಿಂದ ಕರೆದು ಸಂಗತಿಯನ್ನೆಲ್ಲ ಕೇಳಿ, “ಅಲ್ರೀ ಮಾಸ್ತರ, ವರ್ಷದ ಜ್ವಾಳಾ ಒಂದ ದಿವಸಕ್ಕ ಬೀಸಾಕ ಹೊಂಟಿದ್ರೇನ್ರಿ?” ಎಂದರು. ನಾನು ನಕ್ಕುಬಿಟ್ಟೆನು. ರಾತ್ರಿ ಮಲಗಿದಾಗ ಆ ಮಾತು ನೆನಪಾಗಿ, ಅದರ ಹಿಂದೆಯೇ ಆಯ್ದಕ್ಕಿ ಲಕ್ಕಮ್ಮನವರ ನೆನಪು ಬಂದಿತು.

ಆ ಕಥೆಯನ್ನು ನಾವೆಲ್ಲರೂ ಕೇಳಿರುವೆವು. ಕಲ್ಯಾಣದಲ್ಲಿ ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಸಂತೋಷಪಡಲಿಲ್ಲ. ಇದು ನಮ್ಮ ಅಳತೆಗೆ ಮೀರಿದುದು, ಇದರಲ್ಲಿ ಆಶೆ ಸೇರಿದೆಯೆಂದು ತಿಳಿಸಿ, ಹೆಚ್ಚಾದುದನ್ನು ತಂದ ಕಡೆಯಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿಸಿದರು. ಧನದ ಆಶೆಯನ್ನು ಖಂಡಿಸುವುದಕ್ಕೆ ಈ ಕಥೆಯನ್ನು ನಾನು ನೂರಾರು ಸಲ ಹೇಳಿರುವೆನು. ಆದರೆ ಆರೋಗ್ಯಕ್ಕೂ ಆಶೆಬುರುಕರಾಗಬಹುದೆಂಬುದು ನನಗೆ ಹೊಳೆದಿರಲಿಲ್ಲ. ಮೊದಲ ದಿನದ ಆ ಎಂಟು ಕಿಲೋಮೀಟರು ನಡಿಗೆಯು ಆರೋಗ್ಯಕ್ಕಾಗಿ ಮಾಡಿದುದಲ್ಲ. ಹತ್ತು ವರುಷದ ಆಲಸ್ಯವನ್ನು ಒಂದೇ ದಿನದಲ್ಲಿ ತೀರಿಸಿಬಿಡುವ ಆಶೆಯಿಂದ ಮಾಡಿದುದು. ಅಂದಿನ ಅಕ್ಕಿ ಅಂದಿಗೆ ಸಾಕಾದರೆ ಮಾರನೆಯ ದಿನ ಮತ್ತೆ ಆಯಲು ಹೋಗಬೇಕಾಗುವುದು, ಕಾಯಕವು ನಿತ್ಯವಾಗುವುದು. ಕಣಜ ತುಂಬಿಕೊಂಡವನು ಮನೆಯಲ್ಲಿ ಕೂಡುವನು. ದೇಹದ ವಿಷಯದಲ್ಲಿ ಕಣಜ ತುಂಬಲು ಬರುವುದೂ ಇಲ್ಲ. ಭಾನುವಾರ ಹತ್ತು ಮೈಲಿ ನಡೆದು ಉಳಿದ ಆರು ದಿನ ಕುಳಿತರೆ ಅದು ಕೂಡಿಟ್ಟ ಧಾನ್ಯವಾಗಿ ಉಳಿಯದು.

ಅಳತೆಯನ್ನು ತಿಳಿಯುವುದು ಹೇಗೆ? ನಮ್ಮ ಹಳೆಯ ವೈದ್ಯಶಾಸ್ತ್ರವು ಇದನ್ನು ಸ್ಪಷ್ಟಪಡಿಸಿದೆ. ವ್ಯಾಯಾಮವನ್ನು ತನ್ನ ಬಲದ ಅರ್ಧದಷ್ಟು ಮಾತ್ರ ಮಾಡಬೇಕೆಂದು ಸುಶ್ರುತ ಸಂಹಿತೆಯು ವಿಧಿಸುವುದು. ಬಾಯಿಂದ ಉಸಿರು ಬರತೊಡಗಿದರೆ ಅರ್ಧ ಬಲ ಮುಗಿಯಿತೆಂದು ತಿಳಿಯತಕ್ಕದ್ದು. ಇಂದಿನ ವೈದ್ಯರು ಹೇಳುವ ಅಳತೆಯೂ ಇದಕ್ಕೆ ದೂರವಿಲ್ಲ: ನಡೆಯುವಾಗ ಮಾತನಾಡಲು ಬರಬೇಕು, ಆದರೆ ರಾಗವೆತ್ತಿ ಹಾಡಲು ಬರಬಾರದು, ಅದು ಮಧ್ಯಮ ಶ್ರಮ. ನಮ್ಮವರಿಗೆ ಇದಕ್ಕಿಂತ ಸುಲಭವಾದ ಮಾಪಕ ಬೇರೆ ಬೇಕೇ? ನಡೆಯುತ್ತ ಒಂದು ವಚನವನ್ನು ಹೇಳಿ ನೋಡಿರಿ. ಹೇಳಲು ಬಂದರೆ ಅಳತೆಯಲ್ಲಿರುವಿರಿ. ನಡುವೆ ಉಸಿರು ಕಟ್ಟಿ ಅಂಕಿತದ ತನಕ ಹೋಗಲಾಗದಿದ್ದರೆ ಹೆಜ್ಜೆಯನ್ನು ನಿಧಾನ ಮಾಡಿರಿ. ಆರಾಮವಾಗಿ ರಾಗಕ್ಕೆ ಹಚ್ಚಿ ಹಾಡಲು ಬರುತ್ತಿದ್ದರೆ ತುಸು ಬೇಗ ನಡೆಯಿರಿ. ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ ಪ್ರಕಟಿಸಿದ ಸೂಚನೆಯ ಮೇರೆಗೆ ವಯಸ್ಕರಿಗೆ ಇಂಥ ಮಧ್ಯಮ ಶ್ರಮವು ವಾರಕ್ಕೆ ೧೫೦ರಿಂದ ೩೦೦ ನಿಮಿಷ ಸಾಕು. ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಕೆಲಸವಿರಬೇಕು. ೬೫ ದಾಟಿದವರು ಬೀಳದಂತೆ ಸಮತೋಲ ಕಲಿಸುವ ಅಭ್ಯಾಸವನ್ನು ವಾರಕ್ಕೆ ಮೂರು ದಿನ ಮಾಡಬೇಕು. ೧೫೦ ನಿಮಿಷವೆಂದರೆ ದಿನಕ್ಕೆ ಇಪ್ಪತ್ತೆರಡು ನಿಮಿಷಗಳಷ್ಟಾಯಿತು. ಅಷ್ಟೂ ಆಗದವರು ಹತ್ತು ನಿಮಿಷದಿಂದ ತೊಡಗಬಹುದು. ಏನೂ ಮಾಡದಿರುವುದಕ್ಕಿಂತ ಸ್ವಲ್ಪ ಮಾಡುವುದು ಮೇಲೆಂದು ಅದೇ ಸೂಚನೆಯು ಹೇಳುವುದು.

ನೋಯುವ ಕಾಲಿಗೆ ವಿಶ್ರಾಂತಿಯೇ ಔಷಧವೆಂದು ನಾನು ನಂಬಿದ್ದೆನು. ಬಾತಿರುವ ನಾಲ್ಕು ದಿನಕ್ಕೆ ಅದು ಸರಿ, ವರುಷಗಟ್ಟಲೆ ಸರಿಯಲ್ಲ. ತೊಡೆಯ ಮುಂಭಾಗದ ಸ್ನಾಯುವೇ ಮೊಣಕಾಲಿನ ಭಾರದಲ್ಲಿ ಪಾಲು ಹೊರುವ ಜೊತೆಗಾರ. ಆಡಿಸದೆ ಇಟ್ಟರೆ ಅದು ಸೊರಗುವುದು, ಆಗ ಭಾರವೆಲ್ಲ ಕೀಲಿನ ಮೇಲೆಯೇ ಬೀಳುವುದು, ನೋವು ಹೆಚ್ಚುವುದು, ನೋವಿನ ಭಯದಿಂದ ಇನ್ನೂ ಆಡಿಸದೆ ಇರುವೆವು. ಎಲುಬುಗಳ ತುದಿಯಲ್ಲಿರುವ ಮೃದ್ವಸ್ಥಿಯೆಂಬ ನುಣುಪಾದ ಹೊದಿಕೆಗೆ ರಕ್ತನಾಳಗಳಿಲ್ಲ. ಕೀಲು ಆಡಿದಾಗ ಒಳಗಿನ ದ್ರವವು ಅದಕ್ಕೆ ಆಹಾರವನ್ನು ಒದಗಿಸುವುದು. ಬಾವಿಯ ಗಡಗಡೆಯು ತಿರುಗುತ್ತಿದ್ದರೆ ನುಣುಪಾಗಿರುವುದು, ನಿಂತರೆ ತುಕ್ಕು ಹಿಡಿಯುವುದು.

ಇನ್ನು ಎರಡನೆಯ ಮಾತು ಒಲವಿನದು. ಕಳೆದ ಶ್ರಾವಣದಲ್ಲಿ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ತಾಲೂಕುಗಳ ಕೆಲವು ಊರುಗಳಲ್ಲಿ ವಚನ ಪ್ರವಚನ ಮಾಡುವ ಅವಕಾಶ ನನಗೆ ದೊರೆತಿತ್ತು. ಪ್ರವಚನ ಮುಗಿದ ಮೇಲೆ ನನ್ನ ಮೊಣಕಾಲಿನ ಸುದ್ದಿ ಹೊರಡುತ್ತಿತ್ತು; ಆಗ ಕೂಡಿದವರಲ್ಲಿ ಅರ್ಧ ಜನ ತಮ್ಮ ತಮ್ಮ ಮೊಣಕಾಲುಗಳ ಸುದ್ದಿಯನ್ನು ತೆಗೆಯುತ್ತಿದ್ದರು. ಎಲ್ಲರ ಅನುಭವವೂ ಒಂದೇ: ತೊಡಗಿದೆವು, ಬಿಟ್ಟೆವು. ಬಿಡದೆ ಇದ್ದವರು ಯಾರೆಂದು ವಿಚಾರಿಸಿದಾಗ, ತಾವು ಮಾಡುವುದನ್ನು ಇಷ್ಟಪಟ್ಟು ಮಾಡುವವರು ಎಂದು ತಿಳಿದುಬಂದಿತು.

ಶಿಗ್ಗಾಂವಿ ಕಡೆಯ ಒಬ್ಬ ಹಿರಿಯರು ಹೇಳಿದರು: ಸುಮ್ಮನೆ ರಸ್ತೆಯಲ್ಲಿ ಹೋಗಿ ಬರುವುದೆಂದರೆ ಅವರಿಗೆ ಶಿಕ್ಷೆ. ಆದರೆ ಹಲಗೆಯ ಸಪ್ಪಳ ಕಿವಿಗೆ ಬಿದ್ದರೆ ಕಾಲು ತಾನಾಗಿ ಏಳುವುದು. ಪ್ರಾಯದಲ್ಲಿ ಹೆಜ್ಜೆಮೇಳದಲ್ಲಿ ಕುಣಿದವರು. ಈಗ ಸಂಜೆ ಓಣಿಯ ಹುಡುಗರನ್ನು ಕೂಡಿಸಿ ನಿಧಾನವಾದ ಹೆಜ್ಜೆಗಳನ್ನು ಕಲಿಸುವರು. “ಕಲಸೋದು ಅವರಿಗೆ, ಕಾಲು ಆಡೋದು ನನಗ” ಎಂದು ನಕ್ಕರು. ಜಿಗಿತದ ಹೆಜ್ಜೆಗಳನ್ನು ಹುಡುಗರಿಗೆ ಬಿಟ್ಟು, ತಮ್ಮ ವಯಸ್ಸಿಗೆ ತಕ್ಕವನ್ನು ಮಾತ್ರ ಹಾಕುವರಂತೆ. ಸಂತ ಶಿಶುನಾಳ ಶರೀಫರ ತಾಲೂಕಿನಲ್ಲಿ ಹಾಡಿಗೂ ಹೆಜ್ಜೆಗೂ ಕೊರತೆಯೆಲ್ಲಿಯದು?

ಅದೇ ತಾಲೂಕಿನ ಗೋಟಗೋಡಿಯಲ್ಲಿರುವ ಉತ್ಸವ ರಾಕ್ ಗಾರ್ಡನ್ನಿನಲ್ಲಿ ಹಳ್ಳಿಯ ಬದುಕನ್ನು ಆಳೆತ್ತರದ ಪ್ರತಿಮೆಗಳಲ್ಲಿ ನಿಲ್ಲಿಸಿರುವರು. ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗ ನನಗೆ ಅನಿಸಿದುದಿಷ್ಟು: ನಮ್ಮ ತಾಯಂದಿರು ದಿನವೂ ಮೈಮುರಿದು ಮಾಡುತ್ತಿದ್ದ ಕೆಲಸಗಳನ್ನು ನಾವೀಗ ತಿಕೀಟು ಕೊಂಡು ನೋಡುವ ಕಾಲ ಬಂದಿತಲ್ಲ! ಬೀಸುವುದು, ಕುಟ್ಟುವುದು, ಬಾವಿಯಿಂದ ಸೇದುವುದು, ನೆಲದ ಮೇಲೆ ಕುಳಿತು ಏಳುವುದು, ಇವು ಇದ್ದ ದಿನಗಳಲ್ಲಿ ವ್ಯಾಯಾಮವೆಂಬ ಬೇರೊಂದು ಮಾತಿನ ಅಗತ್ಯವೇ ಇರಲಿಲ್ಲ. ಆ ಕಷ್ಟದ ದಿನಗಳು ಮರಳಲೆಂದು ನಾನು ಹೇಳುವುದಿಲ್ಲ. ಗಿರಣಿ ಬಂದುದು ತಾಯಂದಿರ ತೋಳುಗಳ ಪುಣ್ಯ. ಆದರೆ ಒಂದನ್ನು ಗಮನಿಸಿರಿ. ಬೀಸುವ ಕಲ್ಲಿನ ಮುಂದೆ ಕುಳಿತವರು ಹಾಡದೆ ಬೀಸುತ್ತಿರಲಿಲ್ಲ. ಹಾಡು ಕೆಲಸದ ಹೊರಗಿನ ಅಲಂಕಾರವಲ್ಲ. ಮರುದಿನ ನಸುಕಿನಲ್ಲಿ ಮತ್ತೆ ಕಲ್ಲಿನ ಮುಂದೆ ಕೂಡಿಸುವ ಶಕ್ತಿ ಅದರಲ್ಲಿಯೇ ಇದ್ದಿತು. ನಾವು ಕೆಲಸದ ಭಾರವನ್ನು ಕಳೆದುಕೊಂಡೆವು, ಜೊತೆಗೆ ಹಾಡನ್ನೂ ಕಳೆದುಕೊಂಡೆವು. ಈಗ ವ್ಯಾಯಾಮವನ್ನು ಹಾಡಿಲ್ಲದೆ ತಂದುಕೊಂಡರೆ ಅದು ನಿಲ್ಲುವುದೆಂತು?

ಒಲವನ್ನು ಗುರುತಿಸಿ ಸಾಧನೆಗೆ ಹಚ್ಚುವುದು ಗುರುವಿನ ಲಕ್ಷಣ. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ೧೮೯೨ರಲ್ಲಿ ಜನಿಸಿದ ಅಂಧ ಬಾಲಕನೊಬ್ಬನ ಕಂಠವನ್ನು ಕೇಳಿ, ಹಾನಗಲ್ಲ ವಿರಕ್ತಮಠದ ಕುಮಾರ ಶಿವಯೋಗಿಗಳು ಅವನನ್ನು ಸಂಗೀತಕ್ಕೆ ಹಚ್ಚಿದರು. ಆ ಬಾಲಕನೇ ಮುಂದೆ ಗಾನಯೋಗಿ ಪಂಚಾಕ್ಷರಿ ಗವಾಯಿಗಳಾದರು. ಕಣ್ಣಿಲ್ಲದವನಿಗೆ ಕಣ್ಣಿನ ಕೆಲಸವನ್ನು ಹೇರಲಿಲ್ಲ. ಇದ್ದ ಕಂಠವನ್ನು ಹಿಡಿದು ಮೇಲೆತ್ತಿದರು. ನಮ್ಮ ದೇಹದ ವಿಷಯದಲ್ಲಿಯೂ ನಾವು ಹೀಗೆಯೇ ವಿಚಾರಿಸಬೇಕು. ನೆರೆಯವನು ಓಡುವನೆಂದು ನಾನೂ ಓಡಬೇಕಾಗಿಲ್ಲ. ಬಾಲ್ಯದಲ್ಲಿ ನನಗೆ ಯಾವುದು ಪ್ರಿಯವಾಗಿದ್ದಿತು? ಈಗಲೂ ಕೈ ಯಾವ ಕೆಲಸಕ್ಕೆ ತಾನಾಗಿ ಹೋಗುವುದು? ತೋಟವೇ, ಭಜನೆಯೇ, ಆಕಳುಗಳ ಸೇವೆಯೇ, ಮಕ್ಕಳೊಡನೆ ಆಟವೇ? ಅಲ್ಲಿಂದ ತೊಡಗುವುದೇ ಸರಿಯಾದ ದಾರಿ.

ಮೂರನೆಯದು ಆಸರೆಯ ಮಾತು. ಸವಣೂರಿನ ವೀಳ್ಯದೆಲೆಯನ್ನು ಬಲ್ಲದವರಾರು? ಅಲ್ಲಿಯ ಎಲೆಬಳ್ಳಿಯ ತೋಟಿಗರೊಬ್ಬರು ಎಪ್ಪತ್ತನ್ನು ದಾಟಿದವರು. ಕೈಯಲ್ಲಿ ಕೋಲು ಹಿಡಿದು ದಿನವೂ ತೋಟವನ್ನು ಎರಡು ಸುತ್ತು ಹಾಕುವರು. ಕೋಲು ಹಿಡಿಯಲು ನಾಚಿ ಮನೆಯಲ್ಲಿಯೇ ಉಳಿದ ತಮ್ಮ ಸಮವಯಸ್ಕರನ್ನು ನೆನೆದು ಅವರು ಹೇಳಿದ ಮಾತಿದು: “ಬಳ್ಳಿಗೆ ಗಿಡದ ಆಸರ ಕೊಡಾಕ ನಾಚಿಕಿಲ್ಲ ನಮಗ. ನಮ್ಮ ಕಾಲಿಗೆ ಕೋಲಿನ ಆಸರ ಕೊಡಾಕ ಯಾಕ ನಾಚಿಕಿರೀ ಮಾಸ್ತರ?” ಆಸರೆಯ ಗಿಡವಿಲ್ಲದ ಎಲೆಬಳ್ಳಿಯು ನೆಲದಲ್ಲಿ ಹರಿದು ಕೊಳೆಯುವುದು; ಆಸರೆ ಪಡೆದುದು ಮೇಲಕ್ಕೆ ಹಬ್ಬುವುದು. ಆಸರೆಯು ದುರ್ಬಲತೆಯ ಗುರುತಲ್ಲ, ಬೆಳವಣಿಗೆಯ ಉಪಾಯ.

ಆದುದರಿಂದ ಮೊಣಕಾಲು, ನಡು ನೋಯುವವರು ಆಸರೆಯಿರುವ ಅಭ್ಯಾಸವನ್ನೇ ಆರಿಸಿಕೊಳ್ಳತಕ್ಕದ್ದು. ಗಟ್ಟಿಯಾದ ಕುರ್ಚಿಯಲ್ಲಿ ಅಥವಾ ಎತ್ತರದ ಕಟ್ಟೆಯ ಮೇಲೆ ಕುಳಿತು, ಕಂಬವನ್ನು ಹಿಡಿದು ನಿಧಾನವಾಗಿ ಎದ್ದು ನಿಧಾನವಾಗಿ ಕೂಡುವುದು. ಇದೊಂದರಿಂದಲೇ ತೊಡೆಗೆ ಬಲ ಬರುವುದು. ಗೋಡೆಗೆ ಕೈಯಿಟ್ಟು ಹಿಮ್ಮಡಿಗಳನ್ನು ಎತ್ತಿ ಇಳಿಸುವುದು. ಗೋಡೆಯನ್ನು ಮುಟ್ಟಿಕೊಂಡು ಒಂದೊಂದೇ ಕಾಲಿನ ಮೇಲೆ ಕೆಲವು ಕ್ಷಣ ನಿಲ್ಲುವುದು. ಸಮನಾದ ನೆಲದ ಮೇಲೆ ನಡೆಯುವುದು. ಉದ್ದ ಹಿಡಿಯ ಕಸಬರಿಗೆಯಿಂದ ಬೆನ್ನು ಬಾಗಿಸದೆ ಅಂಗಳ ಗುಡಿಸುವುದು. ಇವುಗಳಿಗೆ ಕಾಸಿನ ಖರ್ಚಿಲ್ಲ. ಶರಣೆ ಸತ್ಯಕ್ಕನವರು ಭಕ್ತರ ಅಂಗಳ ಗುಡಿಸುವುದನ್ನೇ ಕಾಯಕವಾಗಿ ಕೈಕೊಂಡವರೆಂಬುದನ್ನು ನೆನೆದರೆ, ಕಸಬರಿಗೆ ಹಿಡಿಯಲು ಗಂಡಸರಾದ ನಮಗೆ ನಾಚಿಕೆ ಉಳಿಯಬಾರದು. ಮನೆಯ ಹೆಣ್ಣುಮಕ್ಕಳ ನಡುವಿಗೂ ಅಷ್ಟು ಬಿಡುವು ಸಿಕ್ಕೀತು.

ನಾಲ್ಕನೆಯದು ಸಂಗ ಮತ್ತು ನೇಮ. ಹಿರೇಕೆರೂರು ಸೀಮೆಯ ಒಂದು ಊರಿನಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಹತ್ತು ಹನ್ನೆರಡು ಜನ ತಾಯಂದಿರು ಗುಡಿಯ ಅಂಗಳದಲ್ಲಿ ಕೋಲಾಟ ಆಡುವರು. ಆಡಲಾರದ ಅತ್ತೆಯಂದಿರು ಕುರ್ಚಿಯ ಮೇಲೆ ಕುಳಿತು ಹಾಡುತ್ತ, ಕೋಲುಗಳನ್ನು ತಲೆಯ ಮೇಲಕ್ಕೆತ್ತಿ ತಾಳ ಹಾಕುವರು. ಅವರ ತೋಳು ಭುಜಗಳಿಗೂ ಅಷ್ಟು ಕೆಲಸವಾಯಿತು. ಇಷ್ಟು ದಿನ ತಪ್ಪದೆ ನಡೆದುದು ಹೇಗೆಂದು ಕೇಳಿದಾಗ ಒಬ್ಬ ತಾಯಿ, “ಕೋಲಾಟ ಅಂದ್ರ ಜೋಡಿ ಆಟರಿ. ನಾ ಹೋಗಲಿಲ್ಲಂದ್ರ ಆಕಿ ಕೋಲು ಗಾಳಿಗೆ ಬೀಳತೈತಿ” ಎಂದರು. ನಾನು ತಿಂಗಳುಗಟ್ಟಲೆ ಹುಡುಕಿದ ಗುಟ್ಟು ಅಲ್ಲಿದ್ದಿತು. ನಮಗಾಗಿ ನಾವು ಮಾಡುವುದನ್ನು ನಾವೇ ಕ್ಷಮಿಸಿ ಬಿಟ್ಟುಬಿಡುವೆವು. ಇನ್ನೊಬ್ಬರು ಕಾದಿರುವರೆಂದು ತಿಳಿದರೆ ಎದ್ದು ಹೋಗುವೆವು. ಶರಣರು ಸಂಗಕ್ಕೆ ಅಷ್ಟು ಬೆಲೆ ಕೊಟ್ಟುದು ಅನುಭಾವಕ್ಕಾಗಿ ಮಾತ್ರವಲ್ಲ. ಒಬ್ಬನೇ ಇದ್ದರೆ ಮನುಷ್ಯನು ತನ್ನ ನೆಪಗಳನ್ನು ಬಹು ಬೇಗ ನಂಬುವನೆಂಬುದನ್ನು ಅವರು ಬಲ್ಲವರಾಗಿದ್ದರು.

ನೇಮದ ವಿಷಯದಲ್ಲಿ ನಮಗೆ ಇತರರಿಗಿಲ್ಲದ ಒಂದು ಅನುಕೂಲವುಂಟು. ಹೊಸ ಅಭ್ಯಾಸವನ್ನು ಬೇರೆಯಾಗಿ ನಿಲ್ಲಿಸುವುದು ಕಠಿಣ. ಈಗಾಗಲೇ ನಿಂತಿರುವ ಅಭ್ಯಾಸಕ್ಕೆ ಅದನ್ನು ಕಟ್ಟಿದರೆ ಸುಲಭ. ಸ್ನಾನ, ವಿಭೂತಿಧಾರಣೆ, ಲಿಂಗಪೂಜೆ ಎಂಬ ಸಾಲು ನಮ್ಮ ಮನೆಗಳಲ್ಲಿ ತಲೆತಲಾಂತರದಿಂದ ನಿಂತಿದೆ. ಆ ಸಾಲಿನ ಮುಂದೆ, ಸ್ನಾನಕ್ಕೆ ಮೊದಲು, ಇಪ್ಪತ್ತು ನಿಮಿಷದ ಅಂಗಸಾಧನೆಯನ್ನು ಕೂಡಿಸಿಬಿಡಿರಿ. ಆಗ ‘ಇಂದು ಮಾಡಲೋ ಬೇಡವೋ’ ಎಂಬ ಚರ್ಚೆಗೆ ಎಡೆಯಿರುವುದಿಲ್ಲ.

ಇಷ್ಟನ್ನು ಕೇಳಿದ ಭಕ್ತರೊಬ್ಬರು ನನ್ನನ್ನು ಪ್ರಶ್ನಿಸಿದರು: “ನಶ್ವರವಾದ ದೇಹಕ್ಕೆ ಇಷ್ಟು ಉಪಚಾರವೇ? ಇದು ದೇಹಮೋಹವಾಗದೇ?” ಪ್ರಶ್ನೆಯು ಯೋಗ್ಯವಾದುದು. ಕನ್ನಡಿಯ ಮುಂದೆ ನಿಂತು ತೋಳನ್ನು ನೋಡಿಕೊಳ್ಳುವುದಕ್ಕಾಗಿ ಮಾಡಿದರೆ ಅದು ಮೋಹವೇ ಸರಿ. ಆದರೆ ಬಸವಾದಿ ಶರಣರು ದೇಹವನ್ನು ಹಳಿದು ದಂಡಿಸಿದವರಲ್ಲ. ಬಸವಣ್ಣನವರು ದೇಹವನ್ನು ದೇಗುಲವಾಗಿ ಕಂಡರು. ಪ್ರಸಾದವನ್ನು ಸ್ವೀಕರಿಸಿದ ಭಕ್ತನ ಕಾಯವು ಪ್ರಸಾದಕಾಯವೆಂದು ನಮ್ಮ ಸಿದ್ಧಾಂತ. ದೇಗುಲದ ಕಂಬ ವಾಲುತ್ತಿರುವಾಗ ನಶ್ವರವೆಂದು ಸುಮ್ಮನಿರುವ ಪೂಜಾರಿಯನ್ನು ವಿರಕ್ತನೆನ್ನುವೆವೋ, ಸೋಮಾರಿಯೆನ್ನುವೆವೋ? ಕಾಯಕವೆಂಬ ಶಬ್ದದಲ್ಲಿಯೇ ಕಾಯವಿದೆ. ಹುಟ್ಟು ಹಾಕಿದ ಅಂಬಿಗರ ಚೌಡಯ್ಯನವರು, ಹಗ್ಗ ಹೊಸೆದ ನುಲಿಯ ಚಂದಯ್ಯನವರು, ಕಟ್ಟಿಗೆ ಹೊತ್ತ ಮೋಳಿಗೆಯ ಮಾರಯ್ಯನವರು, ಬಟ್ಟೆ ಒಗೆದ ಮಡಿವಾಳ ಮಾಚಯ್ಯನವರು, ಇವರೆಲ್ಲರ ಅನುಭಾವವು ದುಡಿಯುವ ತೋಳಿನ ಮೇಲೆ ನಿಂತುದು. ಕುರ್ಚಿಯ ಮೇಲೆ ಕುಳಿತು ಸಂಬಳ ಪಡೆಯುವ ನನ್ನಂಥವರ ಕಾಯಕದಲ್ಲಿ ಕಾಯಕ್ಕೆ ಪಾಲು ಕಡಿಮೆಯಾಯಿತು. ಆ ಕೊರತೆಯನ್ನು ತುಂಬಿಕೊಳ್ಳುವುದೇ ಈ ಅಂಗಸಾಧನೆ.

ಹಾನಗಲ್ಲ ಕುಮಾರ ಶಿವಯೋಗಿಗಳು ೧೯೦೯ರಲ್ಲಿ ಬಾದಾಮಿಯ ಹತ್ತಿರ ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದಾಗ ಸಾಧಕರನ್ನು ಗ್ರಂಥಗಳ ಮುಂದೆ ಮಾತ್ರ ಕೂಡಿಸಲಿಲ್ಲ. ಶಾಸ್ತ್ರಾಧ್ಯಯನದೊಡನೆ ಯೋಗಾಭ್ಯಾಸವಿದ್ದಿತು, ಗೋಶಾಲೆಯಿದ್ದಿತು, ವಿಭೂತಿ ತಯಾರಿಸುವ ಕೆಲಸವಿದ್ದಿತು. ಚಿತ್ರದುರ್ಗ ಜಿಲ್ಲೆಯ ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮಿಗಳು ೧೯೯೬ರಲ್ಲಿ ದೇಹವನ್ನು ಬಿಡುವವರೆಗೆ ಯೋಗ, ವ್ಯಾಯಾಮ, ವೈದ್ಯಗಳನ್ನು ಜನಸೇವೆಯೆಂದೇ ನಡೆಸಿದರು. ಮೋಹವನ್ನು ಗೆದ್ದವರೇ ದೇಹವನ್ನು ಇಷ್ಟು ಜಾಗರೂಕತೆಯಿಂದ ನೋಡಿಕೊಂಡುದನ್ನು ನಾವು ಮರೆಯಬಾರದು.

ಇನ್ನೊಂದು ಮಾತನ್ನೂ ಸ್ಪಷ್ಟಪಡಿಸಬೇಕು. ಹೊಲದಲ್ಲಿ ದಿನವಿಡೀ ಬಾಗಿ ಕಳೆ ತೆಗೆದು ಬಂದ ತಾಯಿಗೆ ಈ ಲೇಖನವನ್ನು ಓದಿ ಹೇಳಿ ‘ನೀನೂ ನಡೆ’ ಎನ್ನಬೇಡಿರಿ. ಆಕೆಯ ಅಂಗಕ್ಕೆ ಬೇಕಾದುದು ಬಾಗಿದ ನಡುವನ್ನು ನೆಟ್ಟಗೆ ಮಾಡಿ ಚಾಚುವ ಎರಡು ನಿಮಿಷ, ಬಿಸಿನೀರು, ನಿದ್ರೆ. ನೇಮವು ಅವರವರ ಅಂಗಕ್ಕೆ ತಕ್ಕಂತೆ ಇರತಕ್ಕದ್ದು. ಹೃದಯದ ಬೇನೆಯಿರುವವರು, ಸಕ್ಕರೆಗೆ ಇನ್ಸುಲಿನ್ ಅಥವಾ ಗುಳಿಗೆ ತೆಗೆದುಕೊಳ್ಳುವವರು, ವೈದ್ಯರನ್ನು ಕೇಳಿಯೇ ತೊಡಗಬೇಕು. ಎದೆಯಲ್ಲಿ ನೋವು, ತಲೆಸುತ್ತು, ಮಿತಿಮೀರಿದ ಏದುಸಿರು ಬಂದರೆ ಅಲ್ಲಿಯೇ ನಿಂತು ಕೂಡಲೇ ವೈದ್ಯರಲ್ಲಿಗೆ ಹೋಗತಕ್ಕದ್ದು. ಅದು ನಿಷ್ಠೆಯನ್ನು ಪರೀಕ್ಷಿಸುವ ಹೊತ್ತಲ್ಲ. ಸಕ್ಕರೆ ರೋಗವಿದ್ದು ಪಾದಗಳಲ್ಲಿ ಸ್ಪರ್ಶಜ್ಞಾನ ಕಡಿಮೆಯಾದವರು ಬರಿಗಾಲಿನಲ್ಲಿ ನಡೆಯಬಾರದು. ಮುಳ್ಳು ಚುಚ್ಚಿದುದು ತಿಳಿಯದೆ ಹುಣ್ಣಾಗುವುದು. ಬರಿಗಾಲಿನ ಹರಕೆ ಹೊತ್ತವರು ಹಿರಿಯರ ಅಪ್ಪಣೆ ಪಡೆದು ಅದನ್ನು ಬೇರೆ ಸೇವೆಗೆ ಬದಲಿಸಿಕೊಳ್ಳಲಿ. ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ ಮೆಲ್ಲಗೆ ಅಡ್ಡಾಡುವುದು ಸಕ್ಕರೆ ಏರುವುದನ್ನು ತಗ್ಗಿಸುವುದು. ಇದನ್ನು ಅಂಗಳದಲ್ಲಿಯೇ ಮಾಡಬಹುದು.

ಕಡೆಗೆ ಈ ಲೇಖಕನ ಸಂಗತಿ. ಶ್ರಾವಣ ಮುಗಿದ ಮೇಲೆ ನಾನು ಮತ್ತೆ ತೊಡಗಿದೆನು. ಈ ಸಲ ಲಕ್ಕಮ್ಮನವರ ಅಳತೆಯಲ್ಲಿ. ನಿವೃತ್ತರಾದ ನಮ್ಮ ಶಾಲೆಯ ಇನ್ನೊಬ್ಬ ಗುರುಗಳು ನಸುಕಿನಲ್ಲಿ ನಮ್ಮ ಮನೆಯ ಮುಂದೆ ಬಂದು ಒಂದು ಸಲ ಕೆಮ್ಮುವರು, ಅದೇ ಕರೆ. ಮನೆಯಿಂದ ಮಠದವರೆಗೆ ನಡೆಯುವೆವು. ಅವರು ಒಂದು ವಚನ ಹೇಳಬೇಕು, ನಾನೊಂದು ಹೇಳಬೇಕು. ಹಿಂದಿನ ವಾರ ಹೇಳಿದುದನ್ನು ಮತ್ತೆ ಹೇಳಬಾರದೆಂಬುದು ನಮ್ಮೊಳಗಿನ ಕಟ್ಟಳೆ. ಮರುದಿನದ ವಚನಕ್ಕಾಗಿ ರಾತ್ರಿಯೇ ಗ್ರಂಥ ತೆರೆಯುವಂತಾಯಿತು. ಮೂವತ್ತು ವರುಷ ಪಾಠ ಹೇಳಿದರೂ ಕಣ್ಣಿಗೆ ಬೀಳದಿದ್ದ ಎಷ್ಟೋ ವಚನಗಳು ಈ ದಾರಿಯಲ್ಲಿ ದೊರೆತವು. ಮಠದಲ್ಲಿ ಕಂಬ ಹಿಡಿದು ಹತ್ತು ಸಲ ಎದ್ದು ಕೂಡುವುದು, ಶಾಲೆಯ ಅಂಗಳದ ಒಂದು ಮಗ್ಗುಲನ್ನು ಗುಡಿಸುವುದು, ಮನೆಗೆ ಮರಳಿ ಸ್ನಾನ, ಪೂಜೆ. ಮಳೆಯ ದಿನ ಮಠದ ಪಡಸಾಲೆಯಲ್ಲಿಯೇ ಸುತ್ತುವೆವು. ಊರಿಗೆ ಹೋದ ದಿನ ತಪ್ಪಿದರೆ ಮರುದಿನ ದಂಡವಿಲ್ಲ, ಎರಡರಷ್ಟಿಲ್ಲ. ಅಂದಿನ ಅಕ್ಕಿ ಅಂದಿಗೆ.

ಎಂಟು ತಿಂಗಳಾದವು. ಸವೆದ ಕೀಲು ಹೊಸದಾಗಿಲ್ಲ, ಆಗುವುದೂ ಇಲ್ಲ. ಪದ್ಮಾಸನ ಇಂದಿಗೂ ನನಗೆ ದೂರ. ಆದರೆ ಗೋಡೆಗೆ ಹತ್ತಿ ಎತ್ತರದ ಮಣೆಯ ಮೇಲೆ ಅರ್ಧ ತಾಸು ಕೂಡಬಲ್ಲೆನು. ಕೂಡಲಾರದವರು ಕುರ್ಚಿಯ ಮೇಲೆಯೇ ಕೂಡಲಿ. ಲಿಂಗವು ಆಸನದ ಎತ್ತರವನ್ನು ಅಳೆಯುವುದಿಲ್ಲ. ಸಂಜೆಯ ಪೂಜೆಯು ನಮ್ಮ ಮನೆಗೆ ಮರಳಿ ಬಂದಿತೆಂಬುದೇ ನನಗೆ ದೊಡ್ಡದು. ಮೊದಲ ದಿನ ಸಂಜೆ ಕರಡಿಗೆಯನ್ನು ತೆರೆದಾಗ ಮನೆಯವರು ಒಳಗಿಂದ ಪತ್ರೆಯನ್ನು ತಂದು ಮುಂದಿಟ್ಟರು. ಇಷ್ಟು ದಿನವೂ ಸಂಜೆಗೆಂದು ಬೇರೆಯಾಗಿ ತೆಗೆದಿಡುತ್ತಿದ್ದರಂತೆ, ನನಗೆ ತಿಳಿದಿರಲಿಲ್ಲ.

ವಾಚಕರೇ, ನಿಮ್ಮ ಅಂಗಕ್ಕೆ ಒಲಿದುದು ಯಾವುದೆಂದು ಇಂದು ರಾತ್ರಿ ಒಂದು ಗಳಿಗೆ ವಿಚಾರಿಸಿರಿ. ಜೊತೆಗೆ ಬರುವವರೊಬ್ಬರನ್ನು ಗೊತ್ತುಮಾಡಿಕೊಳ್ಳಿರಿ. ನಾಳೆ ನಸುಕಿನಲ್ಲಿ ಹತ್ತೇ ನಿಮಿಷ ತೊಡಗಿರಿ. ಇನ್ನೂ ಆಗುವುದೆನಿಸಿದಾಗಲೇ ನಿಲ್ಲಿಸಿರಿ. ನಾಡಿದ್ದಿಗೂ ಅಷ್ಟು ಉಳಿಯಲಿ.